ಮೊದಲು ಕೂಗಿದ ಹೆಸರು

ಬಹರೇನ್‌ನಲ್ಲೂ ಚಳಿ ಬೀಳುತ್ತದೆ ಎಂದರೆ ದಾವಣಗೆರೆಯ ನಮ್ಮವರು ನಂಬುವುದಿಲ್ಲ. ಮರಳುಗಾಡಿನಲ್ಲಿ ಎಂಥ ಚಳಿ, ಸುಮ್ಮನೆ ಜಂಬ ಕೊಚ್ಚಬೇಡ ಎನ್ನುತ್ತಾರೆ. ಅವರಿಗೆ ನಾನು ಕೊಡಬಹುದಾದ ಸಾಕ್ಷಿ ಒಂದೇ, ನನ್ನ ಇಡ್ಲಿ ಹಿಟ್ಟು. ಡಿಸೆಂಬರ್ ಕಾಲಿಟ್ಟಿತೆಂದರೆ ಅದು ಮುನಿಸಿಕೊಂಡ ಬೀಗರ ಹಾಗೆ ಪಾತ್ರೆಯ ತಳ ಹಿಡಿದು ಕೂರುತ್ತದೆ, ಏನು ಮಾಡಿದರೂ ಮೇಲೇಳುವುದಿಲ್ಲ. ಆಗ ನಾನು ಬೀರುವಿನ ಮೇಲಿನ ಖಾನೆಯಿಂದ ಒಂದು ಅಂಗಿ ತೆಗೆದು ಪಾತ್ರೆಗೆ ಸುತ್ತುತ್ತೇನೆ. ಕಡುನೀಲಿ ಬಣ್ಣದ ದಪ್ಪ ಬಟ್ಟೆ, ಎದೆಗೊಂದು ಬೆನ್ನಿಗೊಂದು ಎಪ್ಪತ್ತೇಳು ಎಂಬ ಬಿಳಿ ಅಂಕಿ. ಅದರ ಒಂದು ತೋಳಿನೊಳಗೆ ನಮ್ಮ ಯಜಮಾನರನ್ನು ಪೂರ್ತಿ ತೂರಿಸಬಹುದು. ಬೆಳಗಾಗುವಷ್ಟರಲ್ಲಿ ಹಿಟ್ಟು ಉಬ್ಬಿ ಅಂಗಿಯ ಕಾಲರಿನವರೆಗೂ ಬಂದಿರುತ್ತದೆ.

ಮೊನ್ನೆ ಊರಿನಿಂದ ಬಂದ ಮಗಳು ಅದನ್ನು ಮೊದಲ ಸಲ ನೋಡಿ, ಇದು ಯಾವ ರಾಕ್ಷಸನದಮ್ಮಾ ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆದರೆ ಒಂದು ಮಾತು ಮೊದಲೇ ಗೊತ್ತಿರಲಿ. ನಾನು ಸಣ್ಣದಕ್ಕೂ ಹೌಹಾರುವ ಹೆಂಗಸು. ಕುಕ್ಕರ್ ಸೀಟಿ ಹೊಡೆದರೆ ಎದೆ ಹಿಡಿದುಕೊಳ್ಳುತ್ತೇನೆ. ಅಂಥವಳಿಗೆ ಆ ಒಂದು ವರ್ಷದಲ್ಲಿ ಬಿದ್ದ ಪೆಟ್ಟುಗಳನ್ನು ನೆನೆದರೆ, ಬದುಕಿ ಉಳಿದದ್ದೇ ದೊಡ್ಡದು.

ಆಗ ನಾವು ಗುದೈಬಿಯಾದ ಹಳೆಯ ಕಟ್ಟಡವೊಂದರಲ್ಲಿದ್ದೆವು. ನಾನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ನನ್ನ ಎದುರಿನ ಮೇಜು ವಾಲ್ಟರ್ ಅವರದು. ಅಮೆರಿಕದವರು, ಅರವತ್ತರ ಆಸುಪಾಸು. ಅಲ್ಲಿನ ನೌಕಾಪಡೆಯ ಕೆಲಸಕ್ಕೆಂದು ಬಹರೇನ್‌ಗೆ ಬಂದವರು, ನಿವೃತ್ತಿಯಾದ ಮೇಲೂ ಇಲ್ಲಿಯ ಸಮುದ್ರ ಬಿಟ್ಟು ಹೋಗಲಾರದೆ ನಮ್ಮ ಕಂಪನಿ ಸೇರಿದ್ದರು. ಆಳು ಬೆಟ್ಟದ ಹಾಗೆ, ದನಿ ಮಾತ್ರ ಪಿಸುಮಾತಿನ ಹಾಗೆ. ಬಾಗಿಲಲ್ಲಿ ಬಂದರೆ ಬಾಗಿಲೇ ಕಾಣುತ್ತಿರಲಿಲ್ಲ. ಚಳಿಗಾಲದ ಸೋಮವಾರಗಳಲ್ಲಿ ಮಾತ್ರ ಅವರ ಮುಖ ಸೂತಕದ ಮನೆಯಂತಿರುತ್ತಿತ್ತು. ಯಾರೋ ತೀರಿಕೊಂಡಿರಬೇಕು ಎಂದು ನಾನು ಎಷ್ಟೋ ವಾರ ಮಾತಾಡಿಸುವುದಕ್ಕೇ ಹೋಗಲಿಲ್ಲ. ಕೊನೆಗೊಂದು ಸೋಮವಾರ ತಡೆಯಲಾರದೆ ಕೇಳಿದೆ. ತೀರಿಕೊಂಡವರು ಯಾರೂ ಇರಲಿಲ್ಲ. ಭಾನುವಾರ ಅವರ ಊರಿನ ಫುಟ್‌ಬಾಲ್ ತಂಡ ಸೋತಿತ್ತು. ಪ್ರತಿ ಭಾನುವಾರವೂ ಸೋಲುತ್ತಿತ್ತು.

ಅವರ ಫುಟ್‌ಬಾಲನ್ನು ಕೈಯಲ್ಲಿ ಆಡುತ್ತಾರೆ ಎಂಬುದು ನನಗೆ ಬಿದ್ದ ಮೊದಲನೇ ಪೆಟ್ಟು. ನಾನು ತಂದಿದ್ದ ಕೊಬ್ಬರಿ ಉಂಡೆಯ ಡಬ್ಬಿಯಿಂದ ಐದನ್ನು ತೆಗೆದು ಅವರು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಿಂದೆ ಸ್ಟೇಪ್ಲರ್. ಸ್ಟೇಪ್ಲರ್ ಎಂದರೆ ತಂಡದ ನಾಯಕ, ಚೆಂಡು ಎಸೆಯುವವನು, ಜಾಹೀರಾತಿನಲ್ಲಿ ಬರುವವನು, ಕೋಟಿ ಎಣಿಸುವವನು. ಎದುರು ಪಕ್ಷದವರು ಅವನನ್ನು ಕೆಡವಲು ಗೂಳಿಗಳ ಹಾಗೆ ನುಗ್ಗುತ್ತಾರೆ. ಈ ಐದು ಉಂಡೆಗಳ ಕೆಲಸ ಒಂದೇ, ಮಧ್ಯೆ ನಿಂತು ಮೈ ಕೊಡುವುದು. ಅವರು ಆಟವಿಡೀ ಚೆಂಡನ್ನು ಹೊತ್ತು ಓಡುವಂತಿಲ್ಲ, ಹಿಡಿಯುವಂತಿಲ್ಲ. ಅವರ ಹೆಸರನ್ನು ಯಾರೂ ಕೂಗುವುದಿಲ್ಲ. ಯಾವನಾದರೂ ತಪ್ಪು ಮಾಡಿದರೆ ಮಾತ್ರ ಮೈಕಿನಲ್ಲಿ ಅವನ ಅಂಕಿ ಹೇಳುತ್ತಾರಂತೆ. ನಮ್ಮ ಕಡೆ ಮದುವೆಮನೆಯ ಅಡುಗೆಯವರದೂ ಇದೇ ಪಾಡು, ಸಾರಿಗೆ ಉಪ್ಪು ಹೆಚ್ಚಾದ ದಿನವೇ ಯಾರಪ್ಪಾ ಅಡುಗೆಯವನು ಎಂದು ಕೇಳುವುದು ಎಂದೆ. ವಾಲ್ಟರ್ ತಲೆದೂಗಿದರು. ಅವರ ತಂಡದ ಆ ಸಾಲು ಮುದಿಯಾಗಿ ಕುಸಿದುಹೋಗಿತ್ತು. ಒಂದೊಂದೇ ಉಂಡೆ ಬಾಯಿಗೆ ಹಾಕಿಕೊಂಡು ಅದು ಕುಸಿದ ಬಗೆಯನ್ನು ತೋರಿಸಿದರು. ಕೊನೆಗೆ ಸ್ಟೇಪ್ಲರ್ ಒಂಟಿಯಾಗಿ ನಿಂತಿತು.

ನನಗೆ ನೆನಪಾದದ್ದು ದಾವಣಗೆರೆಯ ನಮ್ಮ ಓಣಿ. ನೀವೂ ಆಡಿರುತ್ತೀರಿ. ಆಟಕ್ಕೆ ಮೊದಲು ಇಬ್ಬರು ಲೀಡರ್‌ಗಳು. ಉಳಿದವರು ಜೋಡಿ ಜೋಡಿಯಾಗಿ ದೂರ ಹೋಗಿ ಗುಟ್ಟಿನಲ್ಲಿ ಹೆಸರಿಟ್ಟುಕೊಂಡು, ಹೆಗಲ ಮೇಲೆ ಕೈ ಹಾಕಿಕೊಂಡು ಬಂದು, ಸೂರ್ಯ ಬೇಕಾ ಚಂದ್ರ ಬೇಕಾ ಎಂದು ಕೇಳುವುದು. ಸಮಸಮ ಆಡುವವರೇ ಜೋಡಿಯಾಗಬೇಕು. ನನಗೆ ಸಮನಾದ ಜೋಡಿ ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಬೆಣ್ಣೆ ತಿಂದು ಬೆಳೆದ ಮೈ, ಹೆಸರು ಬೇರೆ ಅನ್ನಪೂರ್ಣ. ಎಲ್ಲ ಜೋಡಿ ಮುಗಿದ ಮೇಲೆ ನಾನೊಬ್ಬಳು ಉಳಿಯುತ್ತಿದ್ದೆ. ಪಾಪ, ಅಳ್ತಾಳೆ ಎಂದು ಯಾವುದೋ ಒಂದು ಕಡೆ ನೂಕುತ್ತಿದ್ದರು. ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಆದರೆ ಲಗೋರಿಯಲ್ಲಿ ನನಗೊಂದು ಉದ್ಯೋಗ ಸಿಕ್ಕಿತ್ತು. ಚೆಲ್ಲಿದ ಕಲ್ಲುಗಳನ್ನು ನಮ್ಮವರು ಒಂದರ ಮೇಲೊಂದು ಪೇರಿಸಬೇಕು, ಅಷ್ಟರಲ್ಲಿ ಎದುರಿನವರು ಚೆಂಡಿನಿಂದ ಹೊಡೆಯುತ್ತಾರೆ, ಪೆಟ್ಟು ಬಿದ್ದವರು ಔಟ್. ನಾನೋ ಲೆಕ್ಕದಲ್ಲೇ ಇಲ್ಲದವಳು. ಲೆಕ್ಕಕ್ಕಿಲ್ಲದವಳು ಔಟ್ ಆಗುವುದು ಹೇಗೆ? ಹಾಗಾಗಿ ಕಲ್ಲು ಪೇರಿಸುವವಳ ಹಿಂದೆ ನನ್ನನ್ನು ನಿಲ್ಲಿಸುತ್ತಿದ್ದರು. ಚೆಂಡೆಲ್ಲ ನನ್ನ ಬೆನ್ನಿಗೆ. ಸಂಜೆ ಅಜ್ಜಿ ಕೊಬ್ಬರಿ ಎಣ್ಣೆ ಹಚ್ಚುತ್ತ, ಯಾವ ಹಾಳಾದವರು ನನ್ನ ಕೂಸಿಗೆ ಹೊಡೆದದ್ದು ಎಂದು ಬೈಯುತ್ತಿದ್ದಳು. ನನಗೆ ನೋವಿಗಿಂತ, ನಾವು ಗೆದ್ದೆವು ಎಂದು ಅವರೆಲ್ಲ ಕುಣಿಯುವಾಗ ನನ್ನನ್ನು ಕರೆಯುವುದು ಮರೆತದ್ದೇ ಹೆಚ್ಚು ಉರಿಯುತ್ತಿತ್ತು. ಒಂದೇ ಒಂದು ದಿನ, ಒಬ್ಬಳಾದರೂ ಲೀಡರ್ ಮೊದಲು ನನ್ನ ಹೆಸರು ಕೂಗಲಿ ಎಂದು ದುಗ್ಗಮ್ಮನಿಗೆ ಹರಕೆ ಹೊತ್ತಿದ್ದೆ.

ಇದನ್ನು ಹೇಳಿ ಮುಗಿಸಿದಾಗ ವಾಲ್ಟರ್ ಬಾಯಿಯ ಉಂಡೆಯನ್ನು ಅಗಿಯುವುದು ನಿಲ್ಲಿಸಿದ್ದರು. ಆಮೇಲೆ ಎದ್ದು ನಿಂತು, ಅನ್ನಪೂರ್ಣ, ನೀವು ಹುಟ್ಟಾ ಎಡತುದಿಯ ಕಾವಲುಗಾರ್ತಿ, ನಿಮ್ಮಂಥವರನ್ನು ನಮ್ಮಲ್ಲಿ ಮೊದಲ ಸುತ್ತಿನಲ್ಲೇ ಆರಿಸುತ್ತಾರೆ ಎಂದು ಭಕ್ತಿಯಿಂದ ಹೇಳಿದರು. ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ ಅದಂತೆ. ಹೊಗಳಿದರೋ ತೆಗಳಿದರೋ ತಿಳಿಯದೆ ನಾನು ಗರ ಬಡಿದವಳ ಹಾಗೆ ಕೂತೆ.

ಆ ಆರಿಸುವ ಹಬ್ಬವನ್ನು ನೋಡಲು ಏಪ್ರಿಲ್‌ನಲ್ಲಿ ನನ್ನನ್ನೂ ಯಜಮಾನರನ್ನೂ ಜುಫೈರ್‌ನ ತಮ್ಮ ಫ್ಲ್ಯಾಟಿಗೆ ಕರೆದರು. ಆಗಿನ್ನೂ ಇಲ್ಲಿ ಗುರುವಾರ, ಶುಕ್ರವಾರ ರಜೆ. ಶನಿವಾರ ಆಫೀಸು ಮುಗಿಸಿ, ಪುಳಿಯೋಗರೆ ಕಟ್ಟಿಕೊಂಡು ಹೋದೆವು. ಅಮೆರಿಕದ ಮಧ್ಯಾಹ್ನ ನಮಗೆ ಮುಸ್ಸಂಜೆ. ಟೀವಿಯಲ್ಲಿ ದೊಡ್ಡ ಸಭಾಂಗಣ, ಮುಖಕ್ಕೆ ಬಣ್ಣ ಬಳಿದುಕೊಂಡ ಜನ. ಕಾಲೇಜು ಮುಗಿಸಿದ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ನಮ್ಮ ಸೂರ್ಯ ಚಂದ್ರರ ಆಟವನ್ನು ಕೋಟು ಹಾಕಿಕೊಂಡು ಆಡುತ್ತಿದ್ದರು, ಅಷ್ಟೇ. ಹೋದ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ ಎಂದು ಕೇಳಿ ನಾನು ಪುಳಿಯೋಗರೆ ಬಡಿಸುವುದನ್ನೇ ಮರೆತೆ. ನಮ್ಮಲ್ಲಿ ಕಡೆಯವನಿಗೆ ಕಡೇ ಪಂಕ್ತಿ, ಅದರಲ್ಲೂ ಪಾಯಸ ಖಾಲಿ. ಸೋತವನನ್ನು ಮೊದಲು ಕೂರಿಸಿ ಬಡಿಸುವ ದೇಶವನ್ನು ನಾನು ಕಂಡಿರಲಿಲ್ಲ. ಹಂಗಾದ್ರೆ ಎಲ್ರೂ ಬೇಕಂತಲೇ ಸೋಲಲ್ವಾ ಎಂದು ನಮ್ಮ ಯಜಮಾನರು ಕೇಳಿದರು. ಅವರು ಇಂಜಿನಿಯರ್, ಎಲ್ಲದರಲ್ಲೂ ತೂತು ಹುಡುಕುತ್ತಾರೆ.

ವಾಲ್ಟರ್ ಅವರ ತಂಡದ ಸರದಿ ಬೇಗನೆ ಬಂತು. ಸಭಾಂಗಣದ ಅವರ ಊರಿನವರೆಲ್ಲ ಜಿಂಕೆಯಂತೆ ಓಡುವ ಹುಡುಗನೊಬ್ಬನಿಗಾಗಿ ಕೂಗುತ್ತಿದ್ದರು. ವೇದಿಕೆಯವರು ಕರೆದದ್ದು ಒಬ್ಬ ಮಹಾಕಾಯನನ್ನು. ಟೀವಿಯಲ್ಲಿ ಅವನ ತೂಕವನ್ನು ದಪ್ಪಕ್ಷರದಲ್ಲಿ ಹಾಕಿದರು. ಯಜಮಾನರು ಲೆಕ್ಕ ಹಾಕಿ, ನೂರನಲವತ್ತು ಕಿಲೋದ ಮೇಲೆ ಎಂದರು. ನಾನು ಡಾಕ್ಟರ ಹತ್ತಿರ ಕೂಡ ನನ್ನ ತೂಕವನ್ನು ಪಿಸುಗುಟ್ಟಿಯೇ ಹೇಳುವವಳು. ಇಲ್ಲಿ ಜಗತ್ತಿಗೇ ಸಾರುತ್ತಿದ್ದಾರೆ, ಅವನ ತಾಯಿ ಅದನ್ನು ಕೇಳಿ ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತಿದ್ದಾಳೆ. ಊರಿನವರು ಹೋ ಎಂದು ಗೇಲಿ ಮಾಡಿದರು. ಹುಡುಗನಿಗೆ ತಂಡದ ಟೋಪಿ ಕೊಟ್ಟರು. ಅವನು ಅದನ್ನು ಹಣೆಯವರೆಗೆ, ಆಮೇಲೆ ಮೂಗಿನವರೆಗೆ ಎಳೆದುಕೊಂಡು ಅತ್ತ. ಇತ್ತ ವಾಲ್ಟರ್ ಕೂಡ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ತಂಡ ಮರುದಿನ ಮತ್ತೆ ಇಬ್ಬರು ಅಂಥವರನ್ನೇ ಆರಿಸಿತು. ಮೊದಲು ಸಾಲು ಕಟ್ಟಬೇಕು, ಉಳಿದದ್ದೆಲ್ಲ ಆಮೇಲೆ ಎಂದರು ವಾಲ್ಟರ್.

ಹೊಸದಾಗಿ ದೀಕ್ಷೆ ತೆಗೆದುಕೊಂಡವರಿಗೆ ಬೂದಿ ಹೆಚ್ಚು. ಮೊದಲು ಸಾಲು ಕಟ್ಟಬೇಕು ಎಂದು ನಾನು ಕಂಡಕಂಡವರಿಗೆಲ್ಲ ಉಪದೇಶ ಮಾಡಿದೆ. ಎಲ್ಲರಿಗಿಂತ ಹೆಚ್ಚು ಕೇಳಿಸಿಕೊಂಡವಳು ಸೆವೆರಿನ್. ನಮ್ಮ ಮೇಲಿನ ಮಹಡಿಯವಳು, ಮಂಗಳೂರು ಕಡೆಯ ನರ್ಸ್, ಗಾಳಿಗೆ ಹಾರಿಹೋಗುವಂಥ ದೇಹ. ನನಗಿಂತ ಹತ್ತು ವರ್ಷ ಚಿಕ್ಕವಳು. ಡ್ಯೂಟಿ ಮುಗಿಸಿ ಬಂದು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯದೆ ಅವಳ ದಿನ ಮುಗಿಯುತ್ತಿರಲಿಲ್ಲ, ಅವಳನ್ನು ನೋಡದೆ ನನ್ನದೂ. ಈ ಊರಿನಲ್ಲಿ ನನಗೆ ಒಡಹುಟ್ಟಿದವಳು ಅಂತ ಇದ್ದರೆ ಅವಳೇ.

ಕನ್ನಡ ಸಂಘದ ಹೆಂಗಸರ ಹಗ್ಗಜಗ್ಗಾಟದಲ್ಲಿ ನೇತ್ರಾವತಿ ತಂಡಕ್ಕೆ ಅವಳೇ ಕ್ಯಾಪ್ಟನ್. ಎದುರಿನದು ಕಾವೇರಿ. ನೇತ್ರಾವತಿ ಪ್ರತಿ ವರ್ಷ ಸೋಲುತ್ತಿತ್ತು, ಹಗ್ಗ ಹಿಡಿದು ಫೋಟೊಕ್ಕೆ ನಗುವಷ್ಟರಲ್ಲಿ ಗೆರೆ ದಾಟಿ ಬೋರಲು ಬಿದ್ದಿರುತ್ತಿತ್ತು. ಕಾರಣ ಗುಟ್ಟೇನಲ್ಲ. ಕ್ಯಾಪ್ಟನ್‌ಗಳು ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಹೆಸರು ಕರೆದು ತಂಡ ಕಟ್ಟಬೇಕು. ಕರೆಯುವುದಕ್ಕೊಂದು ಮರ್ಯಾದೆ ಇತ್ತು. ಮೊದಲು ಅಧ್ಯಕ್ಷರ ಹೆಂಡತಿ, ಆಮೇಲೆ ವಯಸ್ಸಾದವರು, ಆಮೇಲೆ ಕರೆಯದಿದ್ದರೆ ಕೋಪಿಸಿಕೊಳ್ಳುವವರು. ಮೈತುಂಬಿದವರನ್ನು ಮೊದಲು ಕರೆಯುವಂತಿಲ್ಲ. ಕರೆದರೆ, ಎಲ್ಲರೆದುರು ನೀನು ದಪ್ಪ ಎಂದು ಹೇಳಿದ ಹಾಗೆ. ಹೀಗಾಗಿ ತೂಕವೇ ಬೇಕಾದ ಆಟದಲ್ಲಿ ತೂಕದವರು ಕಡೆಗೆ ಉಳಿಯುತ್ತಿದ್ದರು, ಇಲ್ಲವೇ ಶರಬತ್ತು ಹಂಚುತ್ತಿದ್ದರು. ನಾನು ಶರಬತ್ತಿನ ಕಡೆ. ಕಾವೇರಿಯ ಕ್ಯಾಪ್ಟನ್ ಗಿರಿಜಕ್ಕನನ್ನು ಯಾರೂ ಕರೆಯಬೇಕಾಗಿರಲಿಲ್ಲ, ಅವರೇ ಕ್ಯಾಪ್ಟನ್. ಅವರೊಬ್ಬರೇ ನೇತ್ರಾವತಿಯ ಆರು ಜನಕ್ಕೆ ಸಾಕಿತ್ತು.

ಆ ನವೆಂಬರಿನ ಸಭೆಯಲ್ಲಿ ಸೆವೆರಿನ್ ಎದ್ದು, ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ಕೊಡಿ ಎಂದಳು. ಅಧ್ಯಕ್ಷರು ಒಳ್ಳೆಯ ಧರ್ಮಬುದ್ಧಿ ಎಂದು ಒಪ್ಪಿಕೊಂಡರು. ನನ್ನ ಉಪದೇಶ ಫಲಿಸಿತಲ್ಲ ಎಂದು ನಾನು ಹಿಂದಿನ ಸಾಲಿನಲ್ಲಿ ಬೀಗುತ್ತಿದ್ದೆ. ಅಧ್ಯಕ್ಷರ ಹೆಂಡತಿ ಆಗಲೇ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತ ಅರ್ಧ ಎದ್ದಿದ್ದರು. ಸೆವೆರಿನ್ ಮೈಕಿನಲ್ಲಿ ಹೇಳಿದಳು: "ನೇತ್ರಾವತಿ ತಂಡಕ್ಕೆ ಮೊದಲು, ಅನ್ನಪೂರ್ಣಕ್ಕ."

ಎಲ್ಲರೂ ತಿರುಗಿ ನನ್ನ ಮೈಯನ್ನು ಒಮ್ಮೆ ನೋಡಿದರು, ನೋಡಿದ್ದು ತಪ್ಪಾಯಿತೆಂದು ತಕ್ಷಣ ಗೋಡೆ ನೋಡಿದರು. ಅಧ್ಯಕ್ಷರ ಹೆಂಡತಿ ಎದ್ದಷ್ಟೇ ನಿಧಾನವಾಗಿ ಕೂತರು. ನಮ್ಮ ಯಜಮಾನರು ಚಹಾದ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ನಲವತ್ತು ವರ್ಷ ಕಾದ ಮೇಲೆ ದುಗ್ಗಮ್ಮ ನನ್ನ ಬೇಡಿಕೆ ಈಡೇರಿಸಿದ್ದಳು. ಈಡೇರಿಸುವುದಾದರೆ ಹೀಗಾ ಈಡೇರಿಸುವುದು, ತಾಯಿ? ಸೆವೆರಿನ್ ಇನ್ನೊಮ್ಮೆ ಕರೆದಳು. ನಾನು ಎದ್ದೆ, ನಡೆದೆ, ವೇದಿಕೆ ದಾಟಿ ಬಾಗಿಲಾಚೆ ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ನಿಂತೆ.

ಒಳಗೆ ಅವಳು ಹಟದಿಂದ ಇನ್ನೂ ನಾಲ್ವರು ಮೈತುಂಬಿದವರನ್ನೇ ಒಬ್ಬೊಬ್ಬರಾಗಿ ಕರೆದು ಮುಗಿಸಿ ಓಡಿಬಂದಳು.

"ಅಕ್ಕ, ಎಂತಕ್ಕೆ ಹೊರಗೆ ಬಂದದ್ದು? ಮೊದಲು ಸಾಲು ಕಟ್ಟಬೇಕು ಅಂತ ಆರು ತಿಂಗಳಿಂದ ನೀವೇ ಹೇಳಿದ್ದಲ್ವಾ?"

"ಅದು ಅಮೆರಿಕದೋರ ಮಾತು ಕಣೆ. ನೀನು ನಾಕು ಮಂದಿ ಮುಂದೆ ನನ್ನ ಮೈ ತೂಗಿದ್ಯಲ್ಲ, ಅದನ್ನ ಹೇಳು."

"ತೂಗಿದ್ದಲ್ಲ ಅಕ್ಕ. ವಾರ್ಡಲ್ಲಿ ಪೇಶಂಟನ್ನು ಎತ್ತಲಿಕ್ಕುಂಟಾದ್ರೆ ನಾನು ಗಟ್ಟಿ ಇರುವವರನ್ನೇ ಕರೆಯುವುದು. ಚಂದ ಇರುವವರನ್ನು ಕರೆದ್ರೆ ಪೇಶಂಟ್ ಬೀಳ್ತಾನೆ."

ಅಂದರೆ ನಾನು ಚಂದವಿಲ್ಲ ಎಂದಾಯಿತು. ಆಟ ಆಡುವುದಿಲ್ಲ, ಚಹಾಕ್ಕೂ ಬರಬೇಡ ಎಂದು ಹೇಳಿ ಕಾರು ಹತ್ತಿದೆ. ದಾರಿಯಲ್ಲಿ ಯಜಮಾನರು, ಅವಳು ಹೇಳಿದ್ದರಲ್ಲಿ ಲಾಜಿಕ್ ಇದೆಯಲ್ಲ ಎಂದರು. ಆ ರಾತ್ರಿ ಅವರಿಗೆ ಮಜ್ಜಿಗೆ ಅನ್ನವೇ ಗತಿಯಾಯಿತು.

ಆಮೇಲಿನ ದಿನಗಳನ್ನು ಏನು ಹೇಳಲಿ. ಲಿಫ್ಟಿನಲ್ಲಿ ಸೆವೆರಿನ್ ಸಿಕ್ಕಿಬಿಟ್ಟರೆ ಎಂದು ಮೆಟ್ಟಿಲು ಹತ್ತಿದೆ. ಅನ್ನ ಬಿಟ್ಟು ಚಪಾತಿಗೆ ಇಳಿದೆ. ಸಂಜೆ ಚಹಾಕ್ಕೆ ನೀರಿಡುವಾಗ ಕೈ ತಾನಾಗಿ ಎರಡು ಲೋಟ ತೆಗೆಯುತ್ತಿತ್ತು, ಒಂದನ್ನು ಮತ್ತೆ ಒಳಗಿಡುತ್ತಿದ್ದೆ. ಶುಕ್ರವಾರ ಬೆಳಗ್ಗೆ ನೇತ್ರಾವತಿಯ ಅಭ್ಯಾಸ. ನಮ್ಮ ಕಟ್ಟಡದ ಹಿಂದಿನ ಬಯಲಿನಲ್ಲಿ ಅವಳೊಬ್ಬಳೇ ನಿಂತು, ಹಗ್ಗದ ಇನ್ನೊಂದು ತುದಿಯನ್ನು ಖರ್ಜೂರದ ಮರಕ್ಕೆ ಕಟ್ಟಿ ಜಗ್ಗುತ್ತಿದ್ದಳು. ಉಳಿದ ನಾಲ್ವರೂ ನನ್ನಂತೆಯೇ ಮುನಿಸಿಕೊಂಡಿದ್ದರು. ಸಂಘದಲ್ಲಿ ಕೆಲವರು ಅವಳ ಜೊತೆ ಮಾತು ಬಿಟ್ಟರು. ಹಿರಿಯರಿಗೆ ಮರ್ಯಾದೆ ಗೊತ್ತಿಲ್ಲದವಳು ಎಂಬ ಹೆಸರು ಅಂಟಿತು. ಕಿಟಕಿಯಿಂದ ನೋಡಿದ ನಾನು ಪರದೆ ಎಳೆದೆ, ಆಮೇಲೆ ಪರದೆಯ ಸಂದಿಯಿಂದ ನೋಡಿದೆ.

ಆಫೀಸಿನಲ್ಲಿ ವಾಲ್ಟರ್ ಮುಂದೆ ಎಲ್ಲವನ್ನೂ ತೋಡಿಕೊಂಡೆ. ಎಲ್ಲಾ ನಿಮ್ಮಿಂದಲೇ ಆದದ್ದು ಎಂದೂ ಸೇರಿಸಿದೆ. ಅವರು ಸ್ಟೇಪ್ಲರನ್ನು ಅತ್ತಿತ್ತ ಸರಿಸುತ್ತ ಕೂತರು. ಆಮೇಲೆ ಅವರು ಹೇಳಿದ್ದು ಇಷ್ಟು. ಕಾಲೇಜಿನಲ್ಲಿ ಅವರೂ ಆ ಸಾಲಿನಲ್ಲೇ ನಿಲ್ಲುತ್ತಿದ್ದರು. ಆರಿಸುವ ದಿನಗಳು ಬಂದಾಗ ಮನೆಯಲ್ಲಿ ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಆಗ ಅದನ್ನು ಟೀವಿಯಲ್ಲಿ ತೋರಿಸುತ್ತಿರಲಿಲ್ಲ, ಆರಿಸಿದರೆ ಫೋನು ಬರುತ್ತಿತ್ತು. ಅಮ್ಮ ಕೇಕ್ ಮಾಡಿಟ್ಟು ಇನ್ನೊಂದು ಕುರ್ಚಿಯಲ್ಲಿ ಕೂತರು. ಬಾಲ್ಯದ ಗೆಳೆಯರು ಅಂಗಳದಲ್ಲಿ ಕಾದರು. ಒಂದು ದಿನ ಆಯಿತು, ಎರಡನೆಯದೂ ಆಯಿತು. ಸಂಜೆ ಗೆಳೆಯರು ಒಬ್ಬೊಬ್ಬರಾಗಿ ಎದ್ದುಹೋದರು. ಅಮ್ಮ ಫೋನಿನ ಮೇಲೆ ಒಂದು ಬಟ್ಟೆ ಹೊದಿಸಿ ಒಳಗೆ ಹೋದರು. ಮರುವಾರ ಇವರು ನೌಕಾಪಡೆ ಸೇರಿದರು.

ಯಾಕೆ ಆರಿಸಲಿಲ್ಲ ಎಂದು ಕೇಳಿದೆ. "ತುಂಬಾ ಸಣಕಲ ಎಂದರು" ಎಂದರು ವಾಲ್ಟರ್.

ನಾನು ಆ ಬೆಟ್ಟವನ್ನು ತುದಿಯಿಂದ ಬುಡದವರೆಗೆ ನೋಡಿದೆ. ಇವರು ಸಣಕಲರಾದ ಲೋಕ ಎಂಥದ್ದಿರಬೇಕು ಎಂದು ಬಾಯಿ ತೆರೆದವಳಿಗೆ ಮುಚ್ಚುವುದು ತೋಚಲಿಲ್ಲ.

"ಅನ್ನಪೂರ್ಣ, ನನ್ನ ಹೆಸರನ್ನು ಮೊದಲೂ ಕೂಗಲಿಲ್ಲ, ಕಡೆಗೂ ಕೂಗಲಿಲ್ಲ. ಅದು ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲ. ಅದಕ್ಕೇ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತಿಲ್ಲ."

ಅವರು ಚುಚ್ಚಿ ಹೇಳಿದ್ದಲ್ಲ, ನಿಜವಾಗಿಯೇ ಅರ್ಥವಾಗದೆ ಹೇಳಿದ್ದು. ಮರುದಿನ ಬೆಳಗ್ಗೆ ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಒಳಗೆ ಈ ನೀಲಿ ಅಂಗಿ, ಅವರು ಕಾಲೇಜಿನಲ್ಲಿ ತೊಟ್ಟದ್ದು. ಅದರೊಳಗೆ ಹೆಗಲಿಗೂ ಎದೆಗೂ ದಿಂಬಿನಂಥ ಕವಚ ಕಟ್ಟುತ್ತಾರಾದ್ದರಿಂದ ಇಷ್ಟು ಅಗಲವಂತೆ. ಹಗ್ಗದ ಕಡೇ ತುದಿಯಲ್ಲಿ ನಿಲ್ಲುವವರು ಅದನ್ನು ಮೈಗೆ ಸುತ್ತಿಕೊಳ್ಳಬೇಕಾಗುತ್ತದೆ, ಬರೀ ಚೂಡಿದಾರದ ಮೇಲೆ ಸುತ್ತಿದರೆ ಚರ್ಮ ಕಿತ್ತುಬರುತ್ತದೆ, ಇದನ್ನು ಹಾಕಿಕೊಳ್ಳಿ ಎಂದರು. ನಾನು ಆಡುತ್ತೇನೆ ಎಂದು ಯಾರು ಹೇಳಿದರು ಎಂದೆ. ಅಷ್ಟರಲ್ಲಿ ಅಳು ಬಂದಿದ್ದರಿಂದ ಮಾತು ಗಟ್ಟಿಯಾಗಿ ಬರಲಿಲ್ಲ.

ಆ ಸಂಜೆ ಒಂದು ಮಹಡಿ ಹತ್ತಿ ಸೆವೆರಿನ್ ಬಾಗಿಲು ತಟ್ಟಿದೆ. ಹಗ್ಗ ಎಲ್ಲಿದೆಯೇ ಎಂದೆ. ಮಂಚದಡಿ ಉಂಟು ಅಕ್ಕ ಎಂದಳು. ಚಹಾ ಮಾಡು ಎಂದೆ. ಅಷ್ಟೇ, ರಾಜಿ ಮುಗಿಯಿತು. ಇಬ್ಬರ ಮೂಗೂ ಕೆಂಪಾಗಿತ್ತು, ಅದಕ್ಕೆ ಶೀತ ಎಂದು ಹೆಸರು ಕೊಟ್ಟೆವು.

ಉಳಿದ ನಾಲ್ವರ ಮನೆಗೆ ನಾನೇ ಹೋದೆ. ಮೊದಲ ಬಾಗಿಲು ಹುಬ್ಬಳ್ಳಿಯ ಸರೋಜಕ್ಕನದು, ಎಲ್ಲರಿಗಿಂತ ಹೆಚ್ಚು ಕೆರಳಿದ್ದವರು. ಬೇರೇನೂ ಹೇಳದೆ, ಹಿಂದೆ ಎಂದಾದರೂ ಯಾರಾದರೂ ನಿಮ್ಮ ಹೆಸರನ್ನು ಮೊದಲು ಕರೆದದ್ದುಂಟಾ ಎಂದು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಇಲ್ಲವಾ. ಅಡಿಗಿಮನ್ಯಾಗಿಂದ ಏನರ ಬೇಕಾದ್ರ ಅಷ್ಟ ನನ್ನ ಹೆಸರ ಮೊದಲ ಕರದಾರ."

ಶುಕ್ರವಾರ ಐವರೂ ಸೆವೆರಿನ್ ಜೊತೆ ಬಯಲಿನಲ್ಲಿದ್ದೆವು. ವಾಲ್ಟರ್ ಟೋಪಿ ಹಾಕಿಕೊಂಡು ಬಂದು ಕಲಿಸಿದರು. ತೋಳಿನಿಂದ ಜಗ್ಗಬಾರದು, ಸೊಂಟ ಇಳಿಸಿ ನೆಲವನ್ನು ತಳ್ಳಬೇಕು, ಪಕ್ಕದವಳ ಉಸಿರಿಗೆ ನಮ್ಮ ಉಸಿರು ಕೂಡಬೇಕು. ಹಿಟ್ಟು ರುಬ್ಬಾಕ ಕುಂತಂಗ ಕುಂತರ ಆತಲ್ಲ ಎಂದರು ಸರೋಜಕ್ಕ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಒರಳುಕಲ್ಲು ಎಂದರೇನೆಂದು ತಿಳಿಯದಿದ್ದರೂ, ಸರೋಜಕ್ಕ ಕೂತ ಭಂಗಿ ನೋಡಿ ವಾಲ್ಟರ್ ಸರಿ ಎಂದರು. ಇಲ್ಲಿ ಕೋಲ್ಡ್ ಸ್ಟೋರ್ ಎನ್ನುವ ಮೂಲೆಯ ಕಿರಾಣಿ ಅಂಗಡಿಯ ಮಲಯಾಳಿ ಕೆಲಸ ಬಿಟ್ಟು ಬಂದು ಬಾಯಿ ಕಳೆದು ನೋಡಿದ. ನಾವು ನಾಚಿಕೆಯನ್ನು ಅಲ್ಲೇ ಮರಳಿನಲ್ಲಿ ಹೂತೆವು.

ಪಂದ್ಯ ಸನದ್ ಕಡೆಯ ಒಂದು ಶಾಲೆಯ ಮೈದಾನದಲ್ಲಿ. ಚೂಡಿದಾರದ ಮೇಲೆ ಎಪ್ಪತ್ತೇಳನೇ ಅಂಗಿ ತೊಟ್ಟು, ಹಗ್ಗವನ್ನು ಬೆನ್ನಿಗೆ ಬಳಸಿ ಕಡೇ ತುದಿಯಲ್ಲಿ ಕೂತೆ. ಎದುರಿನಿಂದ ಗಿರಿಜಕ್ಕ ಕನಿಕರದಿಂದ ನಕ್ಕರು. ಸೀಟಿ ಹೊಡೆಯಿತು. ಹಗ್ಗ ಒಮ್ಮೆ ಬಿಗಿದು, ಹೆಗಲು ಕಿತ್ತುಹೋಗುವ ಹಾಗಾಗಿ, ಆಮೇಲೆ ಏನೂ ಆಗಲಿಲ್ಲ. ಆ ಏನೂ ಆಗದಿರುವುದಕ್ಕೇ ನಾನು ಬೆಚ್ಚಿಬಿದ್ದೆ. ಕಾವೇರಿಯವರು ಜಗ್ಗುತ್ತಿದ್ದರು, ನಾವು ಹೋಗುತ್ತಿರಲಿಲ್ಲ. ಸೆವೆರಿನ್ ಐಸಾ ಎಂದಳು. ಒಂದು ಹೆಜ್ಜೆ. ಇನ್ನೊಂದು ಐಸಾಗೆ ಮತ್ತೊಂದು. ಗಿರಿಜಕ್ಕನ ಮುಖದಲ್ಲಿ ಕನಿಕರ ಹೋಗಿ ಗಾಬರಿ ಬಂತು, ಗಾಬರಿ ಹೋಗಿ ಅವರೇ ಗೆರೆ ದಾಟಿ ಬಂದು ಸರೋಜಕ್ಕನ ಮಡಿಲಲ್ಲಿ ಕೂತರು. ಎರಡನೇ ಸಲವೂ ಹಾಗೆಯೇ ಆಯಿತು. ಗೆದ್ದೆವೆಂದು ತಿಳಿದ ಮೇಲೂ ನಾನು ಹಗ್ಗ ಬಿಡಲಿಲ್ಲ, ಸೆವೆರಿನ್ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಸ್ವಲ್ಪ ಹೊತ್ತಿನಲ್ಲಿ ಅಧ್ಯಕ್ಷರ ಹೆಂಡತಿ ನನ್ನನ್ನು ಶರಬತ್ತಿನ ಮೇಜಿನ ಪಕ್ಕಕ್ಕೆ ಕರೆದರು. ಬೈಗುಳಕ್ಕೆ ಸಿದ್ಧಳಾದೆ. ಅವರು ಅತ್ತಿತ್ತ ನೋಡಿ, ತೂಕ ಹೆಚ್ಚಿಸಿಕೊಳ್ಳಬೇಕಾದರೆ ಏನು ತಿನ್ನಬೇಕು ಅನ್ನಪೂರ್ಣ ಎಂದು ಕೇಳಿದರು. ಬೆಣ್ಣೆದೋಸೆ ಎಂದೆ.

ಬಹುಮಾನಕ್ಕೆ ಎಂದಿನಂತೆ ಹಾಟ್‌ಬಾಕ್ಸು. ಗೆದ್ದವರ ಹೆಸರನ್ನು ಮೈಕಿನಲ್ಲಿ ಕರೆಯುವವರು ನಮ್ಮ ಶೆಟ್ಟರು, ಯಕ್ಷಗಾನದ ಭಾಗವತರಂಥ ಗಂಟಲು. ಅವರ ಹತ್ತಿರ ಹೋಗಿ ಒಂದು ಮಾತು ಹೇಳಿಬಂದೆ. ನಮ್ಮ ತಂಡದವರು ಮೊದಲೇ ಒಪ್ಪಿದ್ದರು. ಶೆಟ್ಟರು ಗಂಟಲು ಸರಿಮಾಡಿಕೊಂಡರು. ನಾನು ಹೇಳಿಕೊಟ್ಟಂತೆ ಮೊದಲು ಕನ್ನಡದಲ್ಲಿ, ಆಮೇಲೆ ಅವರಿಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ, ಮೈದಾನದ ಮೂಲೆಮೂಲೆಗೂ ಮುಟ್ಟುವಂತೆ ಕೂಗಿದರು: "ನೇತ್ರಾವತಿ ತಂಡದ ಮೊಟ್ಟಮೊದಲ ಆಯ್ಕೆ, ಶ್ರೀ ವಾಲ್ಟರ್!"

ಗೋಡೆಯ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ ವಾಲ್ಟರ್ ಹಿಂದೆ ತಿರುಗಿ ನೋಡಿದರು, ಆ ಹೆಸರಿನವರು ಬೇರೆ ಯಾರೋ ಇದ್ದಾರೆ ಎಂಬಂತೆ. ಶೆಟ್ಟರು ಇನ್ನೊಮ್ಮೆ ಕೂಗಿದರು. ನಾವು ಆರೂ ಜನ ಚಪ್ಪಾಳೆ ತಟ್ಟಿದೆವು, ಆಮೇಲೆ ಕಾವೇರಿಯವರೂ ತಟ್ಟಿದರು. ವಾಲ್ಟರ್ ಎದ್ದು, ಅಷ್ಟು ದೊಡ್ಡ ಮೈದಾನವನ್ನು ಒಬ್ಬರೇ ದಾಟಿ ಬಂದು, ಅಧ್ಯಕ್ಷರ ಕೈಯಿಂದ ಹಾಟ್‌ಬಾಕ್ಸ್ ಇಸಿದುಕೊಂಡರು. ಟೋಪಿಯನ್ನು ಹಣೆಗೆ ಎಳೆದುಕೊಂಡರು. ಆಮೇಲೆ ಮೂಗಿನವರೆಗೆ.

ನಾನು ಹತ್ತಿರ ಹೋದಾಗ ಅವರು ಹಾಟ್‌ಬಾಕ್ಸನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಟೋಪಿಯ ಕೆಳಗಿನಿಂದಲೇ ಕೇಳಿದರು, ಈಗ ಇಲ್ಲಿ ನಾಲ್ಕು ಗಂಟೆಯಲ್ಲವೇ ಎಂದು. ಹೌದು ಎಂದೆ.

"ಹಾಗಾದರೆ ಅಲ್ಲಿ ಬೆಳಗಾಗಿದೆ. ಅಮ್ಮ ಎದ್ದಿರುತ್ತಾಳೆ. ನಿಮ್ಮ ಫೋನು ಒಂದು ಸ್ವಲ್ಪ ಕೊಡುತ್ತೀರಾ?"